ಹತ್ತಕ್ಕೆ ಒದರುವ ಯಂತ್ರ

ಜುಲೈ 9, ಮಂಗಳವಾರ. ಸಂಜೆ 6.40

ಬೆಳಿಗ್ಗೆ ಬಾಯ್ಲರ್ ಬೂದಿ ತೆಗೆಸಿದೆ. ಹನ್ನೊಂದಕ್ಕೆ ಸೇಫ್ಟಿ ಆಫೀಸಿಗೆ ಕರೆ ಬಂತು. ಅನಿಲಕುಮಾರ ಸಾಹೇಬರು ಅಂಗೈಯಷ್ಟು ಹಳದಿ ಯಂತ್ರ ಕೊಟ್ಟರು — ಗ್ಯಾಸ್ ಡಿಟೆಕ್ಟರ್. ಇನ್ನು ಮೇಲೆ ಇದು ನನ್ನ ಜವಾಬ್ದಾರಿಯಂತೆ. ಹತ್ತನೇ ಇಯತ್ತೆ ಓದಿದವನಿಗೆ ಯಾಕ್ರಿ ಅಂದೆ.

"ಬಸಣ್ಣ, ನೀ ಇದನ್ನ ಹಗುರ ತಗೊಳ್ಳಂಗಿಲ್ಲ. ಅದಕ್ಕ."

ತಮ್ಮ ಸಿದ್ದಲಿಂಗ ಇದೇ ಕಾರ್ಖಾನೆಯ ಹೊಲಸು ನೀರಿನ ಬಾವಿಯಲ್ಲಿ ತೀರಿಹೋಗಿ ಮುಂದಿನ ತಿಂಗಳಿಗೆ ವರ್ಷ.

ಜುಲೈ 10

ಝೀರೋ ಮಾಡುವುದು ಕಲಿತೆ. ಒಳ್ಳೆಯ ಗಾಳಿ ಅಂದರೆ ಇದು ಅಂತ ಯಂತ್ರಕ್ಕೆ ತೋರಿಸಿಕೊಡಬೇಕು. ಬಾವಿಯ ಪಕ್ಕ ಮಾಡಿದರೆ ಕೆಟ್ಟ ಗಾಳಿಯನ್ನೇ ಒಳ್ಳೆಯದು ಅಂದುಕೊಳ್ಳುತ್ತದೆ. ಗೇಟು ದಾಟಿ ತೊಗರಿ ಹೊಲದ ಬದುವಿನ ಮೇಲೆ ನಿಂತೆ. ಆಕ್ಸಿಜನ್ ನೂರಕ್ಕೆ 20.9. ತಾಂಬಾ ಊರಿನಲ್ಲಿ ಹಿಡಿದರೂ ಲಚ್ಯಾಣದ ಮಠದ ಅಂಗಳದಲ್ಲಿ ಹಿಡಿದರೂ ಅಷ್ಟೇ ಅಂತೆ. ನಲವತ್ತೆರಡು ವರ್ಷ ಉಸಿರಾಡಿದ್ದೇನೆ, ಗೊತ್ತೇ ಇರಲಿಲ್ಲ.

ಬಾಯಿ ಹತ್ತಿರ ಹಿಡಿದು ಉಸಿರು ಬಿಟ್ಟೆ. 18.6. ಕೀ ಕೀ ಅಂತ ಒದರಿತು. 19.5ರ ಕೆಳಗೆ ಇಳಿದರೆ ಒದರು ಅಂತ ನಾನೇ ಇಟ್ಟಿದ್ದು. ನನ್ನ ಎದೆಯೊಳಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಗಾಳಿ ಇಷ್ಟು ಸವೆಯುತ್ತದೆ... ಎತ್ತಿ ಹಿಡಿದೆ. ಮತ್ತೆ 20.9. ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಜುಲೈ 12

ಕೊಳೆತ ನೀರಿನ ಗ್ಯಾಸು — ಎಚ್‌ಟುಎಸ್. ಅದರ ಅಲಾರಂ ಹತ್ತಕ್ಕೆ ಇಟ್ಟೆವು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು. ಹತ್ತು ಲಕ್ಷ ಜೋಳದ ಕಾಳಿನಲ್ಲಿ ಕೆಟ್ಟ ಹತ್ತು ಕಾಳು ಕಂಡುಹಿಡಿದ ಹಾಗೆ.

ನೂರು ದಾಟಿದರೆ ಮೂಗು ಸಾಯುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ ಅಂದರು ಸಾಹೇಬರು. ಎದ್ದು ಹೊರಗೆ ಹೋದೆ.

ಜುಲೈ 17

ಬರೆಯಲೇಬೇಕು. ನೆಲದೊಳಗಿನ ಜೋಳದ ಹಗೇವು ತೆರೆದಾಗ ಮೊದಲು ಕಂದೀಲು ಇಳಿಬಿಡುತ್ತೇವೆ. ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಅಪ್ಪ ಕಲಿಸಿದ್ದು. ಅವತ್ತು ಈ ಬಾವಿಗೂ ಹಾಗೇ ಇಳಿಬಿಟ್ಟೆ. ಚೆನ್ನಾಗಿ ಉರಿಯಿತು. ತಮ್ಮನಿಗೆ ಇಳಿ ಅಂದೆ.

ಕೆಳಗಿನಿಂದ ಸಿದ್ದಲಿಂಗ ಕೂಗಿದ — "ಅಣ್ಣಾ, ವಾಸನಿ ಹೋತು ನೋಡು."

ಚಲೋ ಆತು ಅಂದೆ ನಾನು.

ಜುಲೈ 19, ಶುಕ್ರವಾರ

ಬಾವಿಯ ಸುತ್ತ ಪೈಪು ಬಿಚ್ಚುವಾಗ ಯಂತ್ರ ಮೂರು ಸಲ ಒದರಿತು. ಮೂರು ಸಲ ಕೆಲಸ ನಿಂತಿತು. ಕೂಲಿ ತಂಡದ ಮುಕಾದಮ ಯಾಕೂಬಸಾಬ ಕಾಕಾ ಸಿಟ್ಟಾದರು. ಸೋಮವಾರ ಬಾವಿಗೆ ಇಳಿಯುವವರು ಅವರೇ.

"ನಮ್ಮ ಬೀಗತಿನೂ ಇಷ್ಟು ಒದರೂದಿಲ್ಲೋ ಬಸಣ್ಣ. ಐವತ್ತಕ್ಕ ಇಡಪಾ."

ಎಲ್ಲರೂ ನಕ್ಕರು. ಅಲಾರಂ ಬದಲಿಸುವ ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ. ಐವತ್ತಕ್ಕೆ ಇಟ್ಟೆ.

ಜುಲೈ 21, ರವಿವಾರ. ಸಂಜೆ 5

ರಜೆ. ಆದರೂ ವಾಚ್‌ಮನ್‌ನನ್ನು ಕರೆದುಕೊಂಡು ಬಾವಿಗೆ ಹೋದೆ. ಹಗ್ಗಕ್ಕೆ ಮೆಟ್ಟಿಲಿಗೊಂದರಂತೆ ಗಂಟು ಹಾಕಿ, ಗಾಳಿ ಬರುವ ಕಡೆ ನಿಂತು, ಯಂತ್ರ ಇಳಿಬಿಟ್ಟೆ. ಹದಿನಾಲ್ಕನೇ ಗಂಟಿಗೆ ಒದರಿತು. ತಳ ಮುಟ್ಟಿಸಿ ಎಳೆದೆ. ಕಂಡದ್ದನ್ನೆಲ್ಲ ನೆನಪಿಟ್ಟುಕೊಂಡು ಬಂದಿತ್ತು. ಎಚ್‌ಟುಎಸ್ 186. ಆಕ್ಸಿಜನ್ 20.1.

20.1ಕ್ಕೆ ಕಂದೀಲು ಉರಿದೇ ಉರಿಯುತ್ತದೆ. ಅದು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದೇ ಅಷ್ಟು. ನನಗೂ.

ಅಲಾರಂ ಮತ್ತೆ ಹತ್ತಕ್ಕೆ ತಂದೆ. ಹೊಲಕ್ಕೆ ಹೋಗಿ ಝೀರೋ ಮಾಡಿ ಬಂದು ಮತ್ತೆ ಇಳಿಬಿಟ್ಟೆ. ನಾಲ್ಕನೇ ಗಂಟಿಗೇ ಒದರಿತು. ನಾಲ್ಕನೇ ಮೆಟ್ಟಿಲಿನಲ್ಲಿ ಮನುಷ್ಯನ ತಲೆ ಇನ್ನೂ ಮೇಲಿರುತ್ತದೆ. ಕೈ ಹಿಡಿದು ಎಳೆಯಬಹುದು. ಬಣ್ಣವಿಲ್ಲದ್ದನ್ನು, ಕಾಣದ್ದನ್ನು, ಅಷ್ಟು ದೂರದಿಂದಲೇ... ಕೂತುಬಿಟ್ಟೆ. ವಾಚ್‌ಮನ್ ನೀರು ತಂದುಕೊಟ್ಟ.

ಕಾಕಾಗೆ ಫೋನ್ ಮಾಡಿದೆ. ಹತ್ತಕ್ಕೆ ತಂದಿದ್ದೇನೆ ಅಂದೆ. ಮತ್ತ ಒದರತೈತೇನು ಅಂದರು.

"ಒದರತೈತ್ರಿ. ನಾಲ್ಕನೇ ಮೆಟ್ಲಿಗೆ. ಸಿದ್ದಲಿಂಗ ಕಡೀಕ ಮಾತಾಡಿದ್ದು ಹದಿನಾರನೇ ಮೆಟ್ಲಿನಿಂದ."

ಕಾಕಾ ಅಂದರು — "ಆತು. ಒದರಲಿ."

ನಾಳೆ ಏಳಕ್ಕೆ ಬಾವಿಯೊಳಗೆ ಗಾಳಿ ಊದುವ ಬ್ಲೋವರ್ ಚಾಲು ಮಾಡುತ್ತಾರೆ. ಹತ್ತರ ಕೆಳಗೆ ಬಂದ ಮೇಲೆ ಕಾಕಾ ಇಳಿಯುವುದು. ಹಗ್ಗ ಹಿಡಿಯುವವನು ನಾನು.