ಇಳಿದ ತಂಡದ ಕೋಚ್

ಭಾವಾ,

ಜಪಾನಿ ಫುಟ್‌ಬಾಲ್ ತಂಡದ ಆ ಸ್ಪೇನಿನ ಕೋಚನ್ನು ನಿಮಗೆ ಮೊದಲು ತೋರಿಸಿದ್ದು ವಿಡಿಯೋ ಕಾಲ್‌ನಲ್ಲಿ. ಕಾವಾಸಾಕಿಯ ನನ್ನ ಮನೆಯ ಟಿವಿಗೆ ಫೋನ್ ಹಿಡಿದು ನಾನು ಕೂತಿದ್ದೆ, ಬೆಂಗಳೂರಿನಲ್ಲಿ ನೀವು. ಕೊರೊನಾದಿಂದ ಸ್ಟೇಡಿಯಂ ಖಾಲಿ, ಆದ್ದರಿಂದ ಅವನು ಕೂಗಿದ್ದೆಲ್ಲ ಕೇಳುತ್ತಿತ್ತು. ಪಕ್ಕದಲ್ಲಿ ದುಭಾಷಿ, ಅದನ್ನೇ ಜಪಾನಿಯಲ್ಲಿ ಕೂಗುತ್ತ, ಅವನಂತೆಯೇ ಕೈ ಬೀಸುತ್ತ. "ಲೋ, ಸಿಟ್ಟನ್ನೂ ಟ್ರಾನ್ಸ್‌ಲೇಟ್ ಮಾಡೋಕೆ ಸಂಬಳ ಕೊಡ್ತಾರೇನೋ?" ಎಂದು ನಕ್ಕಿರಿ.

ಆಮೇಲೆ ಅವನ ಕಥೆಯನ್ನು ಹುಡುಕಿ ಓದಿದವರು ನೀವೇ. ಆಡುವ ವಯಸ್ಸಿನಲ್ಲೇ ಮಂಡಿ ಕೆಡಿಸಿಕೊಂಡು ಕೋಚ್ ಆದವನು. ಗ್ರೀಸ್, ಮೆಕ್ಸಿಕೊ, ಕತಾರ್ ಸುತ್ತಿ, ಎಲ್ಲೂ ಹೆಚ್ಚು ದಿನ ನಿಲ್ಲದವನು.

"ಇಲ್ಲಿಂದಲೂ ಹೋಗ್ತಾನೆ ಭಾವ, ಸೂಟ್‌ಕೇಸ್ ಬಿಚ್ಚೇ ಇರಲ್ಲ."

"ಇಲ್ಲ ಕಣೋ. ಈ ಸಲ ನಿಲ್ತಾನೆ, ನೋಡ್ತಿರು."

ಅಷ್ಟು ಖಚಿತವಾಗಿ ಹೇಗೆ ಹೇಳಿದಿರಿ? ನಿಮ್ಮ ಕಾರ್ಖಾನೆಯ ತಂಡ ಕೆಳಗಿನ ಡಿವಿಷನ್‌ಗೆ ಇಳಿದ ವರ್ಷ ನೀವು ಕೋಚ್ ಕೆಲಸ ಬಿಟ್ಟಿರಿ, ಮತ್ತೆ ಆ ಮೈದಾನದ ಕಡೆ ಹೋಗಲಿಲ್ಲ. ಅಕ್ಕ ಕೇಳಿದರೆ ಮಾತು ಬದಲಿಸುತ್ತಿದ್ದಿರಿ. ಸ್ಪೇನಿನವನ ತಂಡ ಸೋಲುತ್ತಲೇ ಹೋದಾಗ ಮಾತ್ರ ಒಮ್ಮೆ ಹೇಳಿದಿರಿ: "ಹುಡುಗರು ಸೋತಾಗ ನಾನು ಅಲ್ಲಿರಬೇಕಿತ್ತು. ಇವನಾದ್ರೂ ಇದ್ರೆ ಸಾಕು."

ಮೇ ತಿಂಗಳಲ್ಲಿ ಅಕ್ಕನ ಫೋನ್ ಬಂದಾಗ ನಾನು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಹಿಡಿದು ಸರದಿಯಲ್ಲಿದ್ದೆ. ನಿಮ್ಮ ಉಸಿರು ನಿಂತಿತ್ತು, ವಿಮಾನಗಳು ನಿಂತು ಇಲ್ಲಿಂದ ಹೊರಡುವ ದಾರಿ ಇರಲಿಲ್ಲ. "ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತಲೇ ಎಚ್ಚರಿಸಿದರು ಹಿಂದಿನವರು. ಸರದಿ ಮುಂದೆ ಹೋಗಿತ್ತು. ನಾನೂ ಮುಂದೆ ಹೋದೆ. ಇನ್ನೇನು ಮಾಡಬೇಕಿತ್ತು...

ಋತುವಿನ ಕೊನೆಯ ಪಂದ್ಯಕ್ಕೆ ಮಗಳು ಮಿಹಿಕಾಳನ್ನು ಕರೆದುಕೊಂಡು, ರೈಲು ಬದಲಿಸಿ, ಆ ತಂಡದ ಕಡಲ ಊರಿಗೆ ಹೋದೆ. ಈಗ ಇಲ್ಲಿ ಸ್ಟೇಡಿಯಂಗಳಲ್ಲಿ ಬಾಯಿ ಬಿಡುವಂತಿಲ್ಲ, ಚಪ್ಪಾಳೆ ಮಾತ್ರ. ಗೆದ್ದರೆ ಉಳಿಯುತ್ತಿದ್ದರು. ಸೋತರು, ಎರಡನೇ ಡಿವಿಷನ್‌ಗೆ ಇಳಿದರು. ಬೈಯಲೂ ಆಗದೆ ಜನ ಸುಮ್ಮನೆ ಕೂತಿದ್ದರು.

ಕೊನೆಯ ಪಂದ್ಯ ಮುಗಿದ ಮೇಲೆ ಕೋಚ್ ಮೈದಾನದಲ್ಲಿ ನಿಂತು ಮಾತಾಡುವುದು ಇಲ್ಲಿಯ ಪದ್ಧತಿ. ಅವನು ಮೈಕ್ ಹಿಡಿದ. ದುಭಾಷಿ ಜಪಾನಿಯಲ್ಲಿ ಹೇಳಿದ: "ತಂಡವನ್ನು ಇಳಿಸಿದ್ದು ನಾನು. ಮುಂದಿನ ವರ್ಷವೂ ಇರಲು ಬಿಡಿ ಎಂದು ಕ್ಲಬ್‌ನವರನ್ನು ಕೇಳಿಕೊಂಡೆ. ಒಪ್ಪಿದ್ದಾರೆ."

"ನಿಂತ ಭಾವಾ! ನಿಂತ!"

ಅಷ್ಟು ದೊಡ್ಡ ಮೌನದಲ್ಲಿ ನನ್ನದೊಂದೇ ದನಿ, ಕನ್ನಡದಲ್ಲಿ. ಮೌನ ಪಾಲಿಸಿ ಎಂಬ ಫಲಕ ಹಿಡಿದ ಸಿಬ್ಬಂದಿಯೊಬ್ಬ ಓಡಿಬಂದು, ನನಗೇ ತಲೆಬಾಗಿ ನಿಂತ. ಮಿಹಿಕಾ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡಳು. "ಅಪ್ಪಾ, ಸಿಟ್ ಡೌನ್! ಎವ್ರಿವನ್ ಈಸ್ ಲುಕಿಂಗ್!"

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ನೀವು ಅವಳಿಗೆ ಹೇಳದಿದ್ದುದನ್ನೂ. "ಮುಂದಿನ ಮ್ಯಾಚ್ ಯಾವಾಗಂತೆ?" ಎಂದಳು. ಹೊಸ ಋತು ಶುರುವಾಗುವ ಫೆಬ್ರುವರಿಯಿಂದ ಅವಳೂ ನೋಡುತ್ತಾಳೆ. ಆಫ್‌ಸೈಡ್ ಎಂದರೇನೆಂದು ನಾನೇ ಹೇಳಿಕೊಡಬೇಕಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನೀವೇನು ಮಾಡುತ್ತಿದ್ದಿರಿ ಭಾವ?