ನೀವು ಬಿಟ್ಟುಕೊಟ್ಟದ್ದು ನನ್ನದು

ಫೋರ್ಟ್ ಪೋರ್ಟಲ್,
ಆಗಸ್ಟ್ ೧೧

ಅಪೂಲಿ,

ಜಗಳವಾಡಿದವರನ್ನೂ ಅಕ್ಕರೆಯ ಹೆಸರಿನಿಂದಲೇ ಕರೆಯಬೇಕೆಂಬುದು ನಮ್ಮ ಟೂರೋ ಜನರ ರೀತಿ. ಅದಕ್ಕೇ ಹಾಗೆ ಬರೆದೆ. ಅಕ್ಕರೆ ಉಕ್ಕಿ ಬರೆದದ್ದೆಂದು ತಿಳಿಯಬೇಡಿ.

ನೀವು ಹೇಳಿಕಳಿಸಿದ್ದು ತಲುಪಿತು. ಬರುವ ತಿಂಗಳು ಕಂಪಾಲಾದಿಂದ ಇನ್ನೊಂದು ಗುಂಪು ಬರುತ್ತದೆ, ಮನೆಯಾಕೆ ಎಲ್ಲಿ ಎಂದು ಕೇಳುತ್ತಾರೆ, ಬಂದು ನಾಲ್ಕು ದಿನ ಇದ್ದು ಹೋಗು ಎಂದಿದ್ದೀರಿ. ನಾನು ಹೇಗಿದ್ದೇನೆ ಎಂದು ಕೇಳಿಲ್ಲ. ಚೆನ್ನಾಗಿದ್ದೇನೆ.

ನಾನು ಬರುವುದಿಲ್ಲ. ಯಾಕೆಂದು ಬರೆದೇ ತಿಳಿಸಬೇಕು. ಎದುರು ಕೂತು ಹೇಳಿದರೆ ನೀವು ಕಣ್ಣು ಮುಚ್ಚಿ, ಮುಗುಳ್ನಕ್ಕು, ಅರ್ಧದಲ್ಲೇ ಉಪದೇಶ ಶುರುಮಾಡುತ್ತೀರಿ.

ನೀವು ಕಂಪಾಲಾದ ಕೆಲಸ ಬಿಟ್ಟು, ಕಾರು ಮಾರಿ, ನಾವು ನಿಮ್ಮ ತಂದೆಯ ಕೆರೆದಂಡೆಯ ಜಮೀನಿಗೆ ಬಂದಾಗ ನಾನು ಅತ್ತದ್ದು ನಿಜ. ಆದರೆ ಆ ಮೊದಲ ವರ್ಷದಷ್ಟು ಸುಖವಾಗಿ ನಾನು ಎಂದೂ ಇದ್ದದ್ದಿಲ್ಲ. ಎಷ್ಟೇ ಸಿಟ್ಟಿದ್ದರೂ ಅದನ್ನು ಅಲ್ಲಗಳೆಯಲಾರೆ. ಊಟದ ಹೊತ್ತಿನಲ್ಲೂ ಫೋನು ಕೆಳಗಿಡದ ನೀವು ಇಲ್ಲಿ ನನ್ನ ಪಕ್ಕ ಕೂತು ನೆನೆಸಿದ ಕಾಳಿನ ಸಿಪ್ಪೆ ಸುಲಿಯುತ್ತಿದ್ದಿರಿ. ಒಂದೇ ಬುಟ್ಟಿಯಿಂದ ರಾಗಿಮುದ್ದೆ ಮುರಿದುಕೊಂಡು ತಿನ್ನುತ್ತಿದ್ದೆವು. ಒಂದು ಸಂಜೆ ನೀವು ನನ್ನ ಅಕ್ಕರೆಯ ಹೆಸರು ಹಿಡಿದು, "ಅಬ್ವೋಲಿ, ಇಷ್ಟು ವರ್ಷ ಅಲ್ಲಿ ನಾವು ಏನು ಹುಡುಕ್ತಾ ಇದ್ವಿ?" ಎಂದು ಕೇಳಿದಿರಿ. "ನಿಮ್ಮದು ಗೊತ್ತಿಲ್ಲ, ನಾನೀಗ ಉಪ್ಪು ಹುಡುಕ್ತಾ ಇದ್ದೀನಿ" ಎಂದೆ. ಬಿದ್ದು ಬಿದ್ದು ನಕ್ಕಿರಿ.

ಆಮೇಲೆ ನಿಮ್ಮ ಹಳೆಯ ಸಹೋದ್ಯೋಗಿ ಬಂದರು, ನಮ್ಮ ಮನೆಯ ಚಿತ್ರ ತೆಗೆದುಕೊಂಡು ಹೋಗಿ ಊರಿಗೆಲ್ಲ ತೋರಿಸಿದರು. ಜನ ಬರತೊಡಗಿದರು. ನೀವು ಅಂಗಳದ ಮರದಡಿ ಕೂತು ಕಡಿಮೆಯಲ್ಲಿ ಬದುಕುವುದು ಹೇಗೆಂದು ಹೇಳುತ್ತಿದ್ದಿರಿ. ನಾನು ಕೆರೆಯಿಂದ ದಿಬ್ಬ ಹತ್ತಿಸಿ ತಂದ ನೀರಲ್ಲಿ ಅವರು ಕಾಲು ತೊಳೆದು, "ಏನು ನೆಮ್ಮದಿ ಮೇಡಂ ಇಲ್ಲಿ!" ಎನ್ನುತ್ತಿದ್ದರು. ಸರಳ ಬದುಕಿಗೆ ಇಷ್ಟೊಂದು ಜನರ ತಟ್ಟೆ ತೊಳೆಯಬೇಕಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಬಂದವರ ಮುಂದೆ ನೀವು ಬಿಟ್ಟುಕೊಡುತ್ತ ಹೋದಂತೆ ಮನೆಯಿಂದ ಒಂದೊಂದೇ ವಸ್ತು ಹೋಗತೊಡಗಿತು. ಕನ್ನಡಿ ಹೋಯಿತು. ನಮ್ಮ ಜೊತೆಗಿದ್ದ ಅತ್ತೆಯ ರೇಡಿಯೋ ಹೋಯಿತು. ಕೊನೆಗೆ ನನ್ನ ಹೊಲಿಗೆ ಯಂತ್ರ.

ಅದು ಮದುವೆಗೆ ನನ್ನ ಸೋದರತ್ತೆ ಕೊಟ್ಟದ್ದು. ಹಳ್ಳಿಯ ಹುಡುಗಿಯರು ಹೊಲಿಯಲು ಕಲಿಯಬೇಕೆಂದು ಬಂದು, ಹೊಲಿಯುವುದಕ್ಕಿಂತ ಹೆಚ್ಚು ಹರಟುತ್ತಿದ್ದರು. ಅವರು ಹೋದ ಮೇಲೆ ನಾನೊಬ್ಬಳೇ ತುಳಿಯುತ್ತಿದ್ದೆ. ದಿನದಲ್ಲಿ ಅದೊಂದು ಹೊತ್ತು ನಾನು ಯಾರ ಹೆಂಡತಿಯೂ ಆಗಿರುತ್ತಿರಲಿಲ್ಲ. ಇದನ್ನು ನಿಮಗೆ ಎಂದೂ ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಸಂತೆಯಿಂದ ಬಂದಾಗ ಕಿಟಕಿಯ ಕೆಳಗೆ ನೆಲದ ಮೇಲೆ ಅದರ ಕಾಲುಗಳ ಗುರುತು ಮಾತ್ರ ಇತ್ತು. ಅತ್ತೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. "ನಾನು ಬಾಗಿಲಿಗೆ ಅಡ್ಡ ಕೂತೆ ಕಣೆ ಮಗಳೇ. 'ಅಮ್ಮಾ, ದಾರಿ ಬಿಡು' ಅಂದ. ಬಂದೋರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಮನೆಯಿಂದ ಹೆಣ ಎತ್ತೋವಾಗ ಯಾರಾದ್ರೂ ಚಪ್ಪಾಳೆ ತಟ್ತಾರಾ?" ಎಂದು ಹೊದ್ದ ಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಂಡರು.

ನೀವು ಒಳಗೆ ಬಂದು, "ಅಂಟಿಕೊಂಡಿದ್ದಕ್ಕೇ ನೋವು, ಅಬ್ವೋಲಿ. ಬಡ ಹೆಣ್ಣುಮಕ್ಕಳ ಶಾಲೆಗೆ ಹೋಯ್ತು. ಸ್ವಲ್ಪ ದಿನ ಕಳೀಲಿ, ಹಗುರ ಆಗ್ತೀಯ" ಎಂದಿರಿ. ನಾನು ಅತಿಥಿಗಳಿಗೆ ಬಡಿಸಿದೆ. ನಕ್ಕೆ ಕೂಡ. ಆ ನಗು ನಿಮ್ಮ ಫೋಟೋದಲ್ಲಿದೆ, ಎಲ್ಲರೂ ಮೆಚ್ಚುತ್ತಾರಂತೆ.

ಯಾವುದೋ ಹುಡುಗಿ ಅದನ್ನು ತುಳಿಯುತ್ತಿದ್ದಾಳೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಈಸ್ಟರ್ ಹೊತ್ತಿಗೆ ಕೆರೆಯಾಚೆಯ ವಸತಿಗೃಹಕ್ಕೆ ಮೊಟ್ಟೆ ಕೊಡಲು ಹೋದೆನಲ್ಲ, ನಿಮ್ಮ ಅತಿಥಿಗಳು ಇಳಿದುಕೊಳ್ಳುವ ಅದೇ ಜಾಗಕ್ಕೆ. ಅಲ್ಲಿ ಊಟದ ಕೋಣೆಯ ಮೂಲೆಯಲ್ಲಿ ನನ್ನ ಯಂತ್ರ ನಿಂತಿತ್ತು. ಮೇಲೊಂದು ಹೂಕುಂಡ. ಕುಂಡದ ನೀರು ಸೋರಿ ಸೂಜಿಯ ಬುಡದಲ್ಲಿ ತುಕ್ಕು ಹಿಡಿದಿತ್ತು.

"ಮುದ್ದಾಗಿದೆ ಅಲ್ವಾ?" ಎಂದರು ವಸತಿಗೃಹದ ಒಡತಿ. "ನಿಮ್ಮ ಯಜಮಾನರೇ ತಂದುಕೊಟ್ರು. ಬೆಲ್ಟ್ ಕೀಳಿಸಿಬಿಟ್ಟೆ. ಇಲ್ಲಾಂದ್ರೆ ಮಕ್ಕಳು ಬಂದು ಚಕ್ರ ತಿರುಗಿಸ್ತಾ ಕೂರ್ತವೆ."

ಮನೆಗೆ ಬಂದು ಕೇಳಿದೆ. ನೀವು ನಾಚಲಿಲ್ಲ. "ಯಾರ ಹತ್ರ ಇದ್ರೇನು? ನಮ್ಮ ಹತ್ರ ಇಲ್ಲ ಅನ್ನೋದೇ ಮುಖ್ಯ" ಎಂದಿರಿ. ಮರುದಿನ ಬೆಳಿಗ್ಗೆ ನಾನು ಹೊರಟೆ. ಆ ಮನೆಯಲ್ಲಿ ಬಿಡಲು ನಿಮಗೆ ಇನ್ನು ಉಳಿದದ್ದು ನಾನೊಬ್ಬಳೇ ಆಗಿದ್ದೆ. ಆ ಕಷ್ಟವನ್ನೂ ನಿಮಗೆ ಕೊಡಲಿಲ್ಲ.

ಈಗ ಇಲ್ಲಿ ಒಂದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇನೆ. ಹಗಲು ಬೇರೆಯವರ ಯಂತ್ರದಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತೇನೆ. ಒಂದು ಪಾತ್ರೆ, ಒಂದು ಚಾಪೆ, ಎರಡು ಉಡುಪು. ಮೋಡ ಸರಿದ ಬೆಳಿಗ್ಗೆ ಕಿಟಕಿಯಿಂದ ರುವೆನ್‌ಜೋರಿ ಬೆಟ್ಟಗಳ ಹಿಮ ಕಾಣುತ್ತದೆ. ಬಾಳೆಕಾಯಿ ಬೇಯಿಸಿಕೊಂಡು ಬಿಸಿಬಿಸಿಯಾಗಿ ತಿನ್ನುತ್ತೇನೆ. ಸಾಕು ಅನ್ನಿಸುತ್ತದೆ. ಅಪೂಲಿ, ನೀವು ಮರದಡಿ ಕೂತು ಹೇಳುತ್ತಿದ್ದದ್ದೆಲ್ಲ ನಿಜವೇ. ನನಗೆ ನಿಮ್ಮನ್ನು ಕ್ಷಮಿಸಲು ಆಗದಿರುವುದು ಅದಕ್ಕೇ. ಆ ಉಪದೇಶವೂ ಸುಳ್ಳಾಗಿದ್ದರೆ ನಕ್ಕು ಮರೆಯುತ್ತಿದ್ದೆ. ಒಂದು ಒಳ್ಳೆಯ ಮಾತನ್ನು ನನ್ನ ಪಾಲಿಗೆ ಕಹಿಮಾಡಿ ಇಟ್ಟಿರಿ. ಈ ಕೋಣೆಯಲ್ಲಿ ಸುಖವಾಗಿ ಕೂತಾಗಲೂ, ನೀವು ಗೆದ್ದಿರೇನೋ ಎಂದು ಅನುಮಾನವಾಗಿ ಎದ್ದುಬಿಡುತ್ತೇನೆ.

ಅತಿಥಿಗಳು ಕೇಳಿದರೆ ನೆಂಟರ ಮನೆಗೆ ಹೋಗಿದ್ದಾಳೆ ಎನ್ನಬೇಡಿ. ಬಿಟ್ಟುಹೋದಳು ಎನ್ನಿ. ಬೇಕಿದ್ದರೆ ಅದಕ್ಕೂ ಚಪ್ಪಾಳೆ ತಟ್ಟಲಿ.

ಇಂತಿ,
ಬಸೆಮೆರಾ

ಮರೆತ ಮಾತು: ಅತ್ತೆ ಕಸೇಸೆ ಊರಿನಲ್ಲಿ ತಮ್ಮ ತಮ್ಮನ ಮನೆಯಲ್ಲಿದ್ದಾರೆ ಎಂದು ನೀವು ತಿಳಿದಿದ್ದೀರಿ. ಅಲ್ಲಿಗೆ ಹೋಗಲೇ ಇಲ್ಲ, ಹೋದ ವಾರದಿಂದ ನನ್ನ ಜೊತೆ ಇದ್ದಾರೆ. ಬಂದವರೇ ಚಹಾಕ್ಕೆ ಸಕ್ಕರೆ ಕೇಳಿದರು. ಹಾಕಿದ್ದು ಕರಗುವ ಮೊದಲೇ ಬಾಗಿಲ ಕಡೆ ನೋಡುತ್ತ ಇನ್ನೊಂದು ಚಮಚ ಹಾಕಿಕೊಂಡರು. "ಅವನಿಗೆ ಹೇಳ್ಬೇಡ" ಎಂದಿದ್ದಾರೆ. ಹೆತ್ತ ತಾಯಿ ನಿಮಗೆ ಎಷ್ಟು ಹೆದರುತ್ತಾರೆ ಎಂದು ನಿಮಗೆ ಗೊತ್ತಾಗಲಿ ಎಂದೇ ಹೇಳುತ್ತಿದ್ದೇನೆ.