ನೆಲ ನಡುಗಿದ ತಪ್ಪು ನಮ್ಮ ಬಾಂವೀದಂತ

ಸವದತ್ತಿ ತಾಲೂಕು
೨೨ ನವೆಂಬರ್ ೨೦೨೪

ಮಗಳ ಪ್ರಣಿತಾ,

ಧಾರವಾಡದಾಗ ಭೂಗರ್ಭಶಾಸ್ತ್ರ ಓದಕೋತ ಆರಾಮ ಇದ್ದಿ ಅಂತ ತಿಳಕೊಂಡೇನಿ. ನಾನೂ ನಿಮ್ಮವ್ವನೂ ಉಂಡು ತಿಂದು ಇದ್ದೇವಿ. ‘ಅಪ್ಪಾ, ಹೊಸಾ ಬಾಂವ್ಯಾಗ ನೀರೆಷ್ಟ ಅದಾವು?’ ಅಂತ ನೀ ಫೋನಿನ್ಯಾಗ ಕೇಳಿದಾಗೆಲ್ಲಾ ನಾ ಮಾತು ಹೊಳ್ಳಿಸಿದೆ. ಸಿಟ್ಟಾಗಬ್ಯಾಡ. ಬಾಯಿಲೆ ಹೇಳಾಕ ಹೋದ್ರ ದನಿ ಒಡೀತೈತಿ. ಇಷ್ಟ ವರ್ಷ ಸಾಲಿಯಾಗ ಕನ್ನಡ ಕಲಿಸಿದಾವ ನಾ, ಬರದರ ಒಂದೀಟು ಸಾವರಿಸಿಕೊಂಡು ಹೇಳಬಹುದು ಅಂತ ಪೆನ್ನು ಹಿಡದೇನಿ.

ಬ್ಯಾಸಗಿ ಸುರುವಿಗೆ ಮೊದಲ ಸಲ ನೆಲ ನಡುಗಿದಾಗ ನೀ ಓಡಿ ಬಂದಿದ್ದಿ. ಮನಿಯೊಳಗ ಹೋಗಾಕ ಅಂಜಿ ಹೆಂಗಸರು ಸಾಲಿ ಕಟ್ಟಿ ಮ್ಯಾಲ ಕುಂತಿದ್ರು. ನೀ ಒಂದು ಕಟಕ ರೊಟ್ಟಿ ಮುರದು, ಚೂರು ಹರವಿ ಹೇಳಿದಿ: “ಭೂಮಿ ಮ್ಯಾಲಿನ ಕಲ್ಲಿನ ಪದರು ಹಿಂಗ ದೊಡ್ಡ ದೊಡ್ಡ ಚೂರಾಗಿ ಒಡದೈತ್ರಿ. ತಳದಾಗ ಕಾದ ಕಲ್ಲು ಕಣ್ಣಿಗಿ ಕಾಣಧಂಗ ನಿಧಾನಕ್ಕ ಹರೀತೈತಿ, ಅದರ ಮ್ಯಾಲ ಈ ಚೂರು ಸರೀತಾವು. ಒಂದು ಕಡೆ ದೂರ ಹೋಗತಾವು, ಒಂದು ಕಡೆ ಒಂದನ್ನೊಂದು ಉಜ್ಜತಾವು, ಒಂದು ಕಡೆ ಟಗರಿನಂಗ ಎದುರಾಬದುರಾ ಹಾಯತಾವು. ನಮ್ಮ ದೇಶ ಇರೂ ಚೂರು ದಕ್ಷಿಣದಿಂದ ತೇಲಿ ಬಂದು ಏಷ್ಯಾಕ್ಕ ಹಾಯ್ದೈತಿ. ಹಾಯ್ದಲ್ಲಿ ಹಿಮಾಲಯ ಎದ್ದೈತಿ. ಇನ್ನೂ ದೂಡಾಕ ಹತ್ತೈತಿ, ಉಗುರು ಬೆಳದಷ್ಟು ಸಾವಕಾಶ.”

ಆಮ್ಯಾಲ ಇಡೀ ರೊಟ್ಟಿ ಒಂದು ಗ್ವಾಡಿಗೆ ಒತ್ತಿದಿ. ನಟ್ಟನಡುವ ಸೀಳಿತು. “ನೋಡ್ರಿ, ಹಿಮಾಲಯದ ಗ್ವಾಡಿ ಇರೂದು ಅಲ್ಲಿ, ಒಡದದ್ದು ಇಲ್ಲಿ. ನಮ್ಮ ನೆಲದಾಗೂ ಹಳೇ ಬಿರುಕು ಅದಾವು. ಆ ಒತ್ತು ಇಲ್ಲೀತನಕ ಬಂದು ಬಿರುಕು ಒಮ್ಮಿ ಜರಗಿದ್ರ ಹಿಂಗ ನಡಗತೈತಿ. ಯಾರ ತಪ್ಪೂ ಅಲ್ಲ.”

ಮುದುಕಿ ಲಗಮವ್ವ, “ಆ ರೊಟ್ಟಿ ಇತ್ತ ಕೊಡವಾ, ಭೂಮೀನ ತಿಂದೆ ಅಂತ ಹೇಳಕೋತೇನಿ” ಅಂದಾಗ ಎಲ್ಲಾರೂ ನಕ್ಕರು. ನಿನಗ ಈ ಪಾಠ ಮೊದಲ ಹೇಳಿಕೊಟ್ಟ ನಿಜಗುಣಪ್ಪ ಸರ್ ಕಣ್ಣಾಗ ನೀರು ತಂದು, “ಸತ್ಯಪ್ಪ ಸರ್, ನಿಮ್ಮ ಮಗಳು ನನ್ನ ಹೆಸರು ಉಳಿಸಿದ್ಲು” ಅಂದ್ರು. ಹದಿನೈದ ವರ್ಷದಿಂದ ಅವರೂ ನಾನೂ ಒಂದ ಸ್ಟಾಫ್ ರೂಮಿನ್ಯಾಗ ಬುತ್ತಿ ಬಿಚ್ಚಿದಾವರು.

ಮುಂದ ನಾವು ಗುಡ್ಡದ ಬುಡಕಿನ ಹೊಲದಾಗ ಬಾಂವಿ ತೋಡಿದ್ವಿ. ದಸರಾ ಆದಮ್ಯಾಲ ನೆಲ ಮತ್ತ ಜೋರ ನಡುಗಿತು. ಲಗಮವ್ವ ಮಣ್ಣಿನ ಗ್ವಾಡಿ ಬಿದ್ದು ಸತ್ತದ್ದು ನಿನಗ ಗೊತ್ತೈತಿ. ನಾ ಹೇಳದ ಬಿಟ್ಟದ್ದು ಇಲ್ಲಿಂದ ಐತಿ.

ಆಕೀನ್ನ ಮಣ್ಣು ಮಾಡಿದ ಮರುದಿನ ಗುಡ್ಡದ ದೇವಿ ಗುಡಿ ಮುಂದ ಊರು ಕೂಡಿತು. ನಮಗೂ ಹೇಳಿ ಕಳಿಸಿದ್ರು. ಪಾವಟಗಿ ಕೆಳಗ ನಿಂತ್ವಿ. ಭೀಮಶಿ ಎದ್ದು, “ಮಾಸ್ತರ, ತಾಯಿ ಪಾದದ ಕೆಳಗ ನೆಲ ಬಗದೀರಿ. ಅದೂ ನೀವು” ಅಂದ. ಆ ‘ನೀವು’ ಮರ್ಯಾದಿಗಿ ಅಂದದ್ದಲ್ಲ ಮಗಳ. ನಮ್ಮ ಕೇರಿಯವರಿಗೆಲ್ಲಾ ಸೇರಿಸಿ ಅಂದದ್ದು.

“ಬಾಂವಿ ತೋಡಿದ್ದು ನಿನ್ನ ಜೆಸಿಬಿನ ಅಲ್ಲೇನೋ? ಮೊದಲ ಸಲ ನಡುಗಿದಾಗ ಬಾಂವೀನ ಇರಲಿಲ್ಲ” ಅಂದೆ.

ಹಿಂದಿನಿಂದ ಯಾವನೋ ಒದರಿದ: “ತೋಡಬೇಕಂತ ನಿಮ್ಮ ಮನಸಿನ್ಯಾಗ ಬಂದಿತ್ತಲ್ಲ!”

ಊರು ಹೌದು ಅಂತು. ನಾ ನಿಜಗುಣಪ್ಪ ಸರ್ ಕಡೆ ತಿರುಗಿ, “ನೀವರ ಹೇಳ್ರಿ ಸರ್” ಅಂದೆ. ಅವರು ಎದ್ದು ನಿಂತು ಧೋತರದ ಚುಂಗು ಸರಿ ಮಾಡಕೊಂಡ್ರು. “ಪುಸ್ತಕದ ಮಾತು ಬ್ಯಾರೆ, ಊರಿನ ಮನಸು ಬ್ಯಾರೆ. ಬಾಂವಿ ಮುಚ್ಚಿದ್ರ ಎಲ್ಲಾರಿಗೂ ಸಮಾಧಾನ ಆಗತೈತಿ” ಅಂದು ಕುಂತರು.

ಅವತ್ತ ಜೆಸಿಬಿ ಬಂತು. ಮೊದಲ ಬುಟ್ಟಿ ಮಣ್ಣು ನಾನ ಹಾಕಬೇಕಂತ. ಆ ಬುಟ್ಟಿ ತುಂಬಿ ನನ್ನ ಕೈಯಾಗ ಕೊಟ್ಟಾವರೂ ನಿಜಗುಣಪ್ಪ ಸರ್. “ಹಾಕಿಬಿಡ್ರಿ ಸರ್, ಮುಗದು ಹೋಗತೈತಿ” ಅಂತ ಕಿವಿಯಾಗ ಹೇಳಿದ್ರು, ಮಕ್ಕಳಿಗೆ ಔಷಧ ಕುಡಿಸುವಾಗ ಹೇಳಿಧಂಗ. ಹಾಕಿದೆ. ತಿಳಿ ನೀರು ಮ್ಯಾಲ ಬಂದಿತ್ತವ್ವಾ. ಮಣ್ಣು ಬಿದ್ದ ಸಪ್ಪಳಕ್ಕ ಮಂದಿ ಚಪ್ಪಾಳಿ ಹೊಡದ್ರು.

ಮುಂದಿನ ವಾರ ಪಕ್ಕದ ಕ್ಲಾಸಿನ್ಯಾಗ ನಿಜಗುಣಪ್ಪ ಸರ್ ನೆಲ ನಡುಗೂ ಪಾಠ ಮಾಡಿದ್ರು. ನಿನ್ನ ರೊಟ್ಟಿ, ನಿನ್ನ ಮಾತು, ಎಲ್ಲಾ ಗ್ವಾಡಿ ದಾಟಿ ನನಗ ಕೇಳಿತು. ನಿನ್ನ ಹೆಸರು ಮಾತ್ರ ಬರಲಿಲ್ಲ. ನಾ ಇತ್ತ ಹುಡುಗೂರಿಗೆ ಸಂಧಿ ಬಿಡಿಸಿ ಹೇಳಾಕ ಹತ್ತಿದ್ದೆ.

ಬಾಂವಿ ಮುಚ್ಚಿದ ಮ್ಯಾಲೂ ಒಮ್ಮಿ ನಡುಗಿತು. ಇನ್ನರ ತಿಳೀತೈತಿ ಇವರಿಗೆ ಅಂತ ಮಾಡಿದ್ದೆ. ಭೀಮಶಿ ದಾರ್ಯಾಗ ನಿಲ್ಲಿಸಿ, “ಮಣ್ಣು ನೀವು ಮನಸಿಟ್ಟು ಹಾಕಿಲ್ಲ ಮಾಸ್ತರ” ಅಂದ.

ಠಾಣೆಗೆ ಯಾಕ ಹೋಗಲಿಲ್ಲ ಅಂತಿ ನೀ. ಅಂಗಿ ಹಾಕ್ಕೊಂಡು ಹೊಂಟಿದ್ದೆ. ನಿಮ್ಮವ್ವ ಬಾಗಲಾಗ ಅಡ್ಡ ನಿಂತ್ಲು.

ನೀ ಓದೂದು ಬಿಡಬ್ಯಾಡ. ಕಲ್ಲು ಸುಳ್ಳು ಹೇಳೂದಿಲ್ಲ, ಅದನ್ನ ಓದಾಕ ಕಲತಾಕಿ ನೀ. ನಿನಗ ಮಂಗಳವಾಗಲಿ, ಹೊತ್ತಿಗಿ ಸರಿಯಾಗಿ ಉಣ್ಣು.

ಜೈಭೀಮ್.
ನಿಮ್ಮಪ್ಪ,
ಸತ್ಯಪ್ಪ

ಮರೆತ ಮಾತು: ಮರೆತಿಲ್ಲ, ಮ್ಯಾಲ ಬರಿಯಾಕ ಕೈ ಬರಲಿಲ್ಲ. ನಿಮ್ಮವ್ವ ಅಂಜಿ ಅಡ್ಡ ನಿಂತಿರಲಿಲ್ಲ. ಈಗ ದಿನಾ ಮುಂಜಾನೆ ಒದ್ದಿ ಸೀರಿ ಉಟ್ಟು ಹೋಗಿ ಆ ಗುಡಿ ಪಾವಟಗಿಗೆ ಹಣಿ ಹಚ್ಚತಾಳ. ಒಳಗ ಬಿಡೂದಿಲ್ಲ, ಹೊರಗಿಂದನ. “ಏನ ತಪ್ಪು ಮಾಡೀಯ ಸುಂದರವ್ವ?” ಅಂತ ಕೇಳಿದೆ. “ಬಾಂವಿ ತೋಡೋಣು ಅಂತ ಮೊದಲ ಮನಸಿನ್ಯಾಗ ಬಂದದ್ದು ನನಗರಿ. ಲಗಮವ್ವನ್ನ ನಾನ ಕೊಂದೆ” ಅಂದ್ಲು. ನಾ ಎಷ್ಟ ಹೇಳಿದ್ರೂ ನನ್ನ ಮಾರಿ ನೋಡೂದಿಲ್ಲ. ಆ ಕಲ್ಲಿನ ವಿದ್ಯಾ ಬಿಟ್ಟು, ಗುಡ್ಡದ ತಾಯಿಗೆ ತಪ್ಪಾತಂತ ಅನ್ನೂತನಕ ನೀ ನಮ್ಮ ಮನಿ ಹೊಸ್ತಿಲಾ ತುಳೀಬಾರದಂತ. ಹಿಂಗ ಬರೀರಿ ಅಂತ ಎದುರಿಗೆ ಕುಂತು ಬರಸಾಕ ಹತ್ಯಾಳ. ಸಂಕ್ರಾಂತಿ ಸೂಟಿಗೆ ಬರಬ್ಯಾಡ ಮಗಳ.